ಕಾಶಿನಾಥ ಕೊಟ್ಟ ಕಾಗೆ

ಗಂಡು ಹೆಣ್ಣಿಗೆ ಮೊದಲ ಸಲ ಏನು ಕೊಡಬೇಕು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ. ಮಲ್ಲಿಗೆ ದಂಡೆ ಕೊಟ್ಟವರಿದ್ದಾರೆ, ಗಾಜಿನ ಬಳೆ ಕೊಟ್ಟವರಿದ್ದಾರೆ. ಮುಂಬೈ ಬೈಕುಲ್ಲಾದ ಟೆಂಪೋ ಕಾಶಿನಾಥ ಮಾತ್ರ ಸತ್ತ ಕಾಗೆ ಕೊಟ್ಟ.

ಸತ್ತದ್ದು ಅಂದರೆ ಜೀವ ಇದ್ದು ಹೋದದ್ದಲ್ಲ, ಪ್ಲಾಸ್ಟಿಕ್ಕಿನದು. ಮೈತುಂಬ ಕರಿ ಪುಕ್ಕ ಅಂಟಿಸಿ, ಎರಡು ಕೆಂಪು ಕಣ್ಣು ಇಟ್ಟಿದ್ದರು. ಕಾಲಿಗೆ ದಾರ ಕಟ್ಟಿ ತಲೆಕೆಳಗೆ ತೂಗಿಬಿಟ್ಟರೆ ಹೆಣವೇ ಸೈ.

ಹೋದ ದೀಪಾವಳಿ ಆದ ಮೇಲಿನ ಮಾತು. ಗೋರೆಗಾಂವಿನ ದೊಡ್ಡ ಕಾಲೊನಿಯೊಂದರಲ್ಲಿ ಹ್ಯಾಲೊವೀನ್ ಮಾಡಿದ್ದರು. ಮರುದಿನ ಅದರ ಕಸ ಸಾಗಿಸೋಕೆ ಕಾಶಿನಾಥನ ಟೆಂಪೋ ಕರೆದಿದ್ದರು. ಥರ್ಮಾಕೋಲಿನ ಗೋರಿ, ಎಲುಬಿನ ಗೊಂಬೆ, ಹತ್ತಿಯ ಜೇಡರಬಲೆ. ಆ ರಾಶಿಯಲ್ಲಿ ಈ ಕಾಗೆ ಕಣ್ಣಿಗೆ ಬಿತ್ತು. ಬಿದ್ದ ಕೂಡಲೇ ಅವನಿಗೆ ಶಿವಕುಮಾರಿ ನೆನಪಾದಳು.

ಕಾಗೆ ನೋಡಿದರೆ ಹೆಣ್ಣು ನೆನಪಾಗುತ್ತಾಳೆಯೇ? ಆಗುತ್ತಾಳೆ, ಆಕೆ ಸಾಲು ಖೋಲಿಗಳ ಚಾಳಿನ ಗಚ್ಚಿಯ ಮೇಲೆ ಸಂಡಿಗೆ ಒಣಗಿಸುವವಳಾದರೆ. ಬಿಸಿಲು ಬಿದ್ದ ದಿನವೆಲ್ಲ ಶಿವಕುಮಾರಿ ಮೇಲಿನ ಬಯಲು ಮಾಳಿಗೆಯಲ್ಲಿ ಹಳೇ ಸೀರೆ ಹಾಸಿ, ಸಂಡಿಗೆ ಹಾಕಿ, ಕೋಲು ಹಿಡಿದು ಕಾಗೆ ಓಡಿಸುತ್ತ ಕೂರುತ್ತಿದ್ದಳು. ಪರೇಲಿನ ಖಾನಾವಳಿಗಳಿಗೆ ಅದನ್ನು ಮುಟ್ಟಿಸುತ್ತಿದ್ದದ್ದು ಕಾಶಿನಾಥನ ಟೆಂಪೋ.

"ಅಯ್ಯ, ಏನ್ರಿ ಇದು?" ಅವಳು ಸೆರಗು ಮೂಗಿಗೆ ಹಿಡಿದು ಹಿಂದೆ ಸರಿದಳು.

"ಕಾವಲಗಾರ. ತಂತಿಗೆ ತೂಗಬಿಡ್ರಿ. ತಮ್ಮವನ ಹೆಣ ಕಂಡ್ರ ಒಂದು ಕಾಗಿನೂ ಹತ್ರ ಬರಂಗಿಲ್ಲ."

"ಎಲ್ಲಿ ಸಿಕ್ತು?"

"ಗೋರೆಗಾಂವ್‌ದಾಗ. ಅವರು ದೆವ್ವದ ಹಬ್ಬ ಮಾಡ್ತಾರ. ಅಮೆರಿಕಾದವರ ಮಹಾಲಯ ಅಮಾಸಿ ಅನ್ರಿ. ಹುಡುಗ್ರು ದೆವ್ವದ ವೇಷ ಹಾಕ್ಕೊಂಡು ಮನಿಮನಿಗೆ ಹೋಗಿ ಚಾಕ್ಲೇಟ್ ಬೇಡ್ತಾವ."

ಶಿವಕುಮಾರಿ ಕಾಗೆಯ ಕೆಂಪು ಕಣ್ಣನ್ನೇ ನೋಡುತ್ತ ಅಂದಳು: "ನಾವು ಸತ್ತವರನ್ನ ಕರದು ಕರದು ಎಡಿ ಇಡ್ತೀವಿ. ಅವರ ಕಡೆ ದೆವ್ವನ ಬಂದು ಬಾಗಿಲಾ ಬಡಿತಾವೇನು? ಛಲೋ ಆತು ಬಿಡ್ರಿ, ಕರಿಯೂ ತ್ರಾಸ ಇಲ್ಲ."

ಅಂದು ತಾನೇ ನಕ್ಕಳು. ಅನಿಲ ಹೋದ ಮೇಲೆ ಆ ನಗು ಕಾಶಿನಾಥನ ಕಿವಿಗೆ ಬಿದ್ದದ್ದು ಅವತ್ತೇ. ಸಣ್ಣ ನಗು. ಪಾತ್ರೆಯ ಅಂಚಿಗೆ ಚಮಚ ತಾಗಿದ ಹಾಗೆ. ಅವನು ಮೂರು ಮಾಳಿಗೆ ಮೆಟ್ಟಿಲು ಇಳಿದದ್ದು ಅವನಿಗೇ ಗೊತ್ತಾಗಲಿಲ್ಲ.

ಅನಿಲ ಅವಳ ಗಂಡ, ಇವನ ಜೀವದ ಗೆಳೆಯ. ಇಬ್ಬರೂ ಇಂಡಿ ಕಡೆಯವರು, ಒಂದೇ ರೈಲಿನಲ್ಲಿ ಮುಂಬೈಗೆ ಬಂದವರು. ಅನಿಲ ಬಿಲ್ಡಿಂಗುಗಳಿಗೆ ಬಣ್ಣ ಹಚ್ಚುತ್ತಿದ್ದ. ಕೊರೊನಾ ಬಂದ ವರ್ಷ ಜ್ವರ ಅಂತ ಆಸ್ಪತ್ರೆಗೆ ಹೋದವನು ಚೀಲದೊಳಗಿನ ಬೂದಿಯಾಗಿ ಬಂದ. ಮುಖ ತೋರಿಸಲಿಲ್ಲ, ಹೆಗಲು ಕೊಡಲು ಬಿಡಲಿಲ್ಲ, ನಾಲ್ಕು ಜನ ಸೇರಿ ಅಳಲೂ ಇಲ್ಲ.

ಆಗ ಶಿವಕುಮಾರಿ ಇವನನ್ನು "ಕಾಶಿನಾಥಣ್ಣ" ಅನ್ನುತ್ತಿದ್ದಳು, ಇವನು ಅವಳನ್ನು ಅತ್ತಿಗೆ ಅಂತ "ವೈನಿ" ಅನ್ನುತ್ತಿದ್ದ. ಈ ಕಾಗೆ ಬಂದ ಮೇಲೆ ಯಾವಾಗಲೋ ಅವಳ ಬಾಯಿಂದ ಅಣ್ಣ ಜಾರಿತು, ಇವನ ಬಾಯಿಂದ ವೈನಿ ಜಾರಿತು. ಆ ಜಾಗದಲ್ಲಿ ಬೇರೆ ಏನು ಇಡಬೇಕೋ ಇಬ್ಬರಿಗೂ ತಿಳಿಯದೆ, "ಏನ್ರಿ, ಇಲ್ನೋಡ್ರಿ" ಅಂತ ದಿನ ದೂಡುತ್ತಿದ್ದರು.

ಹಾಗಂತ ಕಾಶಿನಾಥ ಮಾತು ಬಾರದವನಲ್ಲ. ಪರೇಲಿನ ಕನ್ನಡ ಸಂಘದಲ್ಲಿ ಯಾರು ತೀರಿಕೊಂಡರೂ ಶೋಕಸಭೆಯ ಮೈಕು ಅವನ ಕೈಗೇ. ನಾಲ್ಕನೇ ಇಯತ್ತೆ ಓದಿದವನು, ಆದರೆ ಎದ್ದು ನಿಂತರೆ ಫ್ಯಾನಿನ ಸದ್ದು ಕೂಡ ಅಡಗಿದ ಹಾಗೆ ಕಾಣುತ್ತಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಮದುವೆಯೂ ಇಲ್ಲ ಅಂತ ಇವನನ್ನು ನೋಡಿ ಜನ ಸೇರಿಸಿಕೊಂಡಿದ್ದರು.

ಅವನ ಮಾತಿಗೆ ಒಂದು ಪದ್ಧತಿ ಇತ್ತು. ಸತ್ತವನ ಗುಣ ಹೊಗಳುತ್ತ ಶುರು ಮಾಡುತ್ತಿರಲಿಲ್ಲ. ಅವನದೊಂದು ಸಣ್ಣ ವಸ್ತು ಹಿಡಿಯುತ್ತಿದ್ದ. ಕೂತವರಲ್ಲಿ ಒಂದು ಮುಖ ಆರಿಸಿಕೊಂಡು, ಅವರೊಬ್ಬರಿಗೇ ಹೇಳುವಂತೆ ಹೇಳುತ್ತಿದ್ದ.

ಆ ಚಳಿಗಾಲ ಮಿಲ್ಲಿನ ಹಳೇ ಕೆಲಸಗಾರ ಶರಣಬಸಪ್ಪ ತೀರಿಕೊಂಡಾಗ ಕಾಶಿನಾಥ ಅವರ ಛತ್ರಿಯಿಂದ ಶುರು ಮಾಡಿದ. "ಶರಣಬಸಪ್ಪಜ್ಜಾರು ಛತ್ರಿ ಯಾವತ್ತೂ ಬಿಚ್ಚಲಿಲ್ಲ. ಮಳಿ ಬಂದ್ರ ಅಂಗಿ ಒಳಗ ಇಟ್ಕೊಂಡು, ಛತ್ರಿ ತೊಯ್ಯಬಾರದಂತ ಓಡ್ತಿದ್ರು." ಜನ ನಕ್ಕರು. ನಕ್ಕ ಬಾಯಿ ಮುಚ್ಚುವ ಮೊದಲೇ ಅವನು ದನಿ ತಗ್ಗಿಸಿದ. "ಮೊನ್ನೆ ನವೆಂಬರ್‌ದಾಗ ಸೆವರಿ ಸಿಮೆಟ್ರಿ ಮುಂದ ಗಾಡಿ ನಿಲ್ಲಿಸಿದ್ದೆ. ಕ್ರಿಶ್ಚನ್ನರು ಗೋರಿ ತೊಳದು, ಹೂವ ಇಟ್ಟು, ಮೇಣದ ಬತ್ತಿ ಹಚ್ಚಾಕತ್ತಿದ್ರು. ನಮ್ಮ ಜೈತುನಬಿ ಖಾಲಾ ಶಬೆ-ಬರಾತ್‌ಗೆ ಸತ್ತವರ ಹೆಸರಲೆ ಹಲ್ವಾ ಮಾಡಿ ಹಂಚ್ತಾರ. ನಾವು ಎಡಿ ಇಡ್ತೀವಿ. ಎಲ್ಲಾರೂ ಕೇಳೂದು ಒಂದ, ಅಲ್ಲಿ ಆರಾಮ ಇದ್ದೀಯೇನಪಾ ಅಂತ. ಅಜ್ಜಾರ, ಅಲ್ಲಿ ಮಳಿ ಇದ್ರ ಛತ್ರಿ ಬಿಚ್ಚರಿ. ಇನ್ನ ಯಾರಿಗೂ ಉಳಸೂದಿಲ್ಲ." ಹಿಂದಿನ ಸಾಲಿನ ಗಂಡಸರೆಲ್ಲ ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡರು.

ಮರಳಿ ಬರುವಾಗ ಶಿವಕುಮಾರಿ, ಅತ್ತೆ ರುಕ್ಮಿಣಿಬಾಯಿ, ಪಕ್ಕದ ಖೋಲಿಯ ಜೈತುನಬಿ ಮೂವರೂ ಅವನ ಟೆಂಪೋದಲ್ಲೇ ಬಂದರು. ಇಳಿಯುವಾಗ ಶಿವಕುಮಾರಿ ಮೆಲ್ಲಗೆ ಅಂದಳು:

"ಒಂದು ಕೇಳಲಿ?"

"ಕೇಳ್ರಿ."

"ಮಾತಾಡೂ ಮುಂದ ಎಲ್ಲಾರ ಮುಖ ನೋಡ್ತೀರಿ. ನಮ್ಮ ಸಾಲು ಬಂದ ಕೂಡ್ಲೆ ಫ್ಯಾನ್ ಯಾಕ ನೋಡ್ತೀರಿ?"

ಕಾಶಿನಾಥ ಸ್ಟಿಯರಿಂಗ್ ನೋಡಿದ, ಕನ್ನಡಿ ನೋಡಿದ. ಕನ್ನಡಿಯಲ್ಲೂ ಅವಳೇ ಇದ್ದಳು, ತುಟಿ ಕಚ್ಚಿ ನಗು ತಡೆದುಕೊಂಡು. "ಫ್ಯಾನ್... ಫ್ಯಾನ್ ಸಪ್ಪಳ ಮಾಡ್ತಿತ್ತು," ಅಂದ.

"ಹೌದೇನ್ರಿ?" ಅಂದವಳು ಸೆರಗು ಸರಿಮಾಡಿಕೊಂಡು ಹೋದಳು. ಊರಿಗೆಲ್ಲ ಮಾತು ಹಂಚುವವನ ಬಾಯಲ್ಲಿ ತನಗೆ ಅಂತ ಒಂದು ಮಾತೂ ಉಳಿದಿರಲಿಲ್ಲ.

ಬೇಸಿಗೆ ಹೋಯಿತು. ಮಳೆಗಾಲದಲ್ಲಿ ಕಾಗೆ ಒಳಗೆ ಬಂತು, ಗಣಪತಿ ಹೋಗಿ ಬಿಸಿಲು ಬಿದ್ದ ಮೇಲೆ ಮತ್ತೆ ತಂತಿಗೇರಿತು. ಅದು ಅಲ್ಲಿ ತೂಗುವುದು ಚಾಳಿನವರ ಕಣ್ಣಿಗೆ ಒಗ್ಗಿ, ಬಟ್ಟೆ ಹಾಕುವ ಹೆಂಗಸರು ಅದನ್ನು ಸರಿಸಿ ಸೀರೆ ಹರವುತ್ತಿದ್ದರು.

ಪಿತೃಪಕ್ಷದ ಹೊತ್ತಿಗೆ ಸುದ್ದಿ ಬಂತು. ಶಿವಕುಮಾರಿಯ ಅಣ್ಣ ಇಂಡಿಯಿಂದ ಬರುತ್ತಾನಂತೆ. ಅಮಾವಾಸ್ಯೆಯ ಎಡೆ ಮುಗಿಸಿ, ಮರುದಿನ ತಂಗಿಯನ್ನು ಊರಿಗೆ ಕರೆದೊಯ್ಯುತ್ತಾನಂತೆ. ರುಕ್ಮಿಣಿಬಾಯಿ ಸೊಲ್ಲಾಪುರದ ಮಗಳ ಮನೆಗೆ. ಖೋಲಿ ಬಿಟ್ಟುಕೊಡುವುದು.

ಅದನ್ನು ಹೇಳಿದ್ದು ಜೈತುನಬಿ, ಹೊಸ್ತಿಲಲ್ಲಿ ಎಲೆ ಅಡಿಕೆ ಮೆಲ್ಲುತ್ತ. "ಅರೆ ಬೇಟಾ, ಸತ್ತವರಿಗೆಲ್ಲಾ ಭಾಷಣ ಮಾಡ್ತೀ. ಜೀವ ಇದ್ದವರಿಗೆ ಒಂದು ಮಾತು ಹೇಳಾಕ ನಿನಗ ಏನು ಧಾಡಿ?"

"ಏನು ಹೇಳ್ಲಿ ಖಾಲಾ? ಗೆಳೆಯನ ಹೆಂಡತಿ. ಅಂವ ಮ್ಯಾಲಿಂದ ನೋಡಿದ್ರ ಏನಂತಾನ?"

"ಅಂವ ಮ್ಯಾಲಿಂದ ನೋಡಾಕತ್ತಿದ್ರ ನಿನಗಿಂತ ಮೊದಲ ಅವಗ ತಿಳದಿರತೈತಿ, ಪಾಗಲ್."

ಅವತ್ತು ಸಂಜೆ ಅವನು ಸಂಡಿಗೆ ಡಬ್ಬಿ ಒಯ್ಯುವ ನೆವ ಮಾಡಿ ಹೋದ. ಶಿವಕುಮಾರಿ ಟ್ರಂಕಿನಲ್ಲಿ ಸೀರೆ ಜೋಡಿಸುತ್ತಿದ್ದಳು. ಅವನು ಬಾಗಿಲಲ್ಲಿ ನಿಂತ. ಅವಳು ತಲೆ ಎತ್ತಿದಳು. ಆ ನೋಟದಲ್ಲಿ ಒಂದು ಪ್ರಶ್ನೆ ಬಾಗಿಲು ತೆರೆದುಕೊಂಡು ಕಾಯುತ್ತಿತ್ತು.

"ನಾಡಿದ್ದು ಹೋಗ್ತೀರಂತ," ಅಂದ.

"ಹೂಂ. ಅಣ್ಣ ಬರ್ತಾನ."

"ರಿಸರ್ವೇಶನ್ ಆಗೈತೇನು?"

ಅವಳು ಟ್ರಂಕಿನ ಮುಚ್ಚಳ ಹಾಕಿದಳು. ಸದ್ದು ಸ್ವಲ್ಪ ಜೋರಾಯಿತು. "ಆಗೈತ್ರಿ. ವಿಂಡೋ ಸೀಟ್," ಅಂದಳು.

ತನ್ನ ನಾಲಿಗೆಯನ್ನು ಕಿತ್ತು ಮೋರಿಗೆ ಎಸೆಯಬೇಕು ಅನ್ನಿಸಿತು ಕಾಶಿನಾಥನಿಗೆ.

ಅಮಾವಾಸ್ಯೆ ಬಂತು. ಅಣ್ಣನ ರೈಲು ಸಂಜೆಗಿತ್ತು. ಮಧ್ಯಾಹ್ನ ರುಕ್ಮಿಣಿಬಾಯಿ ಮಗನ ಫೋಟೋದ ಮುಂದೆ ಎಡೆ ಇಟ್ಟು, ಕಾಗೆಯ ಪಾಲನ್ನು ಬಾಳೆ ಎಲೆಯಲ್ಲಿ ಗಚ್ಚಿಗೆ ತಂದಳು. ಶೇಂಗಾ ಹೋಳಿಗೆ, ಎಣಗಾಯಿ, ಅನ್ನ, ಅದರ ಪಕ್ಕದಲ್ಲಿ ವಡಾಪಾವ್. ಅನಿಲನಿಗೆ ಅದರ ಮೇಲೆ ಜೀವ. ಎಲೆಯನ್ನು ನೀರಿನ ಟಾಕಿಯ ಪಕ್ಕದ ಕಟ್ಟೆಯ ಮೇಲಿಟ್ಟು, "ಕಾ, ಕಾ" ಅಂತ ಕೂಗಿ ಹಿಂದೆ ಸರಿದಳು.

ಹೋದ ವರ್ಷ ಎಲೆ ಇಡುವ ಮೊದಲೇ ಕೈಯಿಂದ ಕಸಿದುಕೊಂಡು ಹೋಗಿದ್ದವು. ಈ ವರ್ಷ ಒಂದೂ ಬರಲಿಲ್ಲ. ಎದುರಿನ ಬಿಲ್ಡಿಂಗಿನ ಅಂಚಿನಲ್ಲಿ ಸಾಲಾಗಿ ಕೂತು ಕತ್ತು ಓರೆ ಮಾಡಿ ನೋಡುತ್ತಿದ್ದವು. ಒಂದು ಹಾರಿ ಅರ್ಧ ದಾರಿ ಬಂದು, ಏನೋ ಕಂಡಂತೆ ಕೂಗಿ ತಿರುಗಿ ಹೋಯಿತು.

ಕಾಗೆ ಮುಟ್ಟದಿದ್ದರೆ ಸತ್ತವನ ಮನಸ್ಸಿನಲ್ಲಿ ಏನೋ ಉಳಿದಿದೆ ಅಂತ ಅರ್ಥ. ಆಗ ಮನೆಯವರು ಗಟ್ಟಿಯಾಗಿ ಮಾತು ಕೊಡಬೇಕು. ಅವನ ಮನಸ್ಸಿನಲ್ಲಿರೋ ಮಾತು ಸಿಕ್ಕಿದರೆ ಕಾಗೆ ಬಂದು ಮುಟ್ಟುತ್ತದೆ.

"ಅನಿಲಾ, ನಿನ್ನ ಹೆಲ್ಮೆಟ್ ಯಾರಿಗೂ ಕೊಟ್ಟಿಲ್ಲಪಾ," ಅಂದಳು ರುಕ್ಮಿಣಿಬಾಯಿ. ಕಾಗೆ ಬರಲಿಲ್ಲ. "ನಿನ್ನ ಅಕ್ಕನ ಕೂಡ ಜಗಳಾ ಆಡಂಗಿಲ್ಲ ನಾನು, ಆಣಿ ಮಾಡ್ತೀನಿ." ಬರಲಿಲ್ಲ. "ವಡಾಪಾವ್ ಆರೇತೇನೋ? ಬಿಸಿದು ತರಸಲೇನು ಮಗನ?" ಅನ್ನುವಾಗ ಅವಳ ದನಿ ಒಡೆಯಿತು.

ಮಾತು ಚಾಳಿನಲ್ಲಿ ಹರಡಿ ಒಬ್ಬೊಬ್ಬರೇ ಗಚ್ಚಿಗೆ ಬಂದರು. ಸಂಘದ ಕಾರ್ಯದರ್ಶಿ ಖಂಡಪ್ಪನೂ ಬಂದ. ಯಾರೋ ಹೆಂಗಸು ಪಿಸುಗುಟ್ಟಿದಳು, "ಅವಗ ಸಿಟ್ಟು ಬಂದೈತವ್ವಾ. ಮನಿಗೆ ಯಾರು ಯಾರು ಬರ್ತಾರ ನೋಡಾಕತ್ತಿಲ್ಲೇನು?" ಪಿಸುಮಾತು ಕಾಶಿನಾಥನ ಕಿವಿಗೆ ಬಿತ್ತು. ಬೀಳಲೆಂದೇ ಆಡಿದ್ದು.

ಜೈತುನಬಿ ವಾತಾವರಣ ತಿಳಿಮಾಡಲು ಅಂದಳು: "ನಮ್ಮದ ಛಲೋ ನೋಡ್ರಿ. ಹಲ್ವಾ ಮಾಡಿ ದುವಾ ಮಾಡಿದ್ರ ಮುಗೀತು, ಮುಟ್ಟೇತೋ ಇಲ್ಲೋ ಅಲ್ಲಾಗ ಗೊತ್ತು. ನಿಮಗ ಕಾಗಿ ಬಂದು ರಸೀದಿ ಕೊಡಬೇಕು." ಯಾರೂ ನಗಲಿಲ್ಲ.

ಖಂಡಪ್ಪ ಗಂಟಲು ಸರಿಮಾಡಿಕೊಂಡ. "ಕಾಶಿನಾಥ, ನೀನ ಮಾತಾಡು. ಅನಿಲಗ ಶೋಕಸಭಾನೂ ಆಗಿಲ್ಲ. ಎಲ್ಲಾರಿಗೂ ಮಾತಾಡಿದಾಂವ, ಗೆಳೆಯಗ ನಾಲ್ಕು ಮಾತು ಆಡು."

ಕಾಶಿನಾಥ ಒಲ್ಲೆ ಅನ್ನಲು ಬಾಯಿ ತೆರೆದ. ರುಕ್ಮಿಣಿಬಾಯಿ ಅವನ ಕೈ ಹಿಡಿದಳು. "ನಿನ್ನ ಮಾತು ಅಂವ ಮೊದಲಿಂದನೂ ಕೇಳ್ತಿದ್ದ. ಹೇಳೋ ತಮ್ಮಾ."

ಅವನು ಕಟ್ಟೆಯ ಮುಂದೆ ನಿಂತ. ಎದುರಿಗೆ ಬಾಳೆ ಎಲೆ, ಅದರ ಮೇಲೆ ಬರಿಯ ಆಕಾಶ. ಮೈಕಿಲ್ಲ. ಆರಿಸಿಕೊಳ್ಳಲು ಮುಖವಿಲ್ಲ. ಅವನು ಆಕಾಶವನ್ನೇ ನೋಡಿದ, ಪಕ್ಕದ ತಂತಿಯನ್ನು ನೋಡಲಿಲ್ಲ.

"ಅನ್ಯಾ," ಅಂದ. "ನಿನ್ನ ಉಗುರು ನೆನಪಾಗ್ತಾವಲೇ. ನಿನ್ನ ಉಗುರು ನೋಡಿದ್ರ ಈ ವಾರ ಯಾವ ಬಿಲ್ಡಿಂಗ್‌ಗೆ ಬಣ್ಣ ಹಚ್ಚಾಕತ್ತಿ ಅಂತ ಗೊತ್ತಾಗ್ತಿತ್ತು. ನಿನ್ನ ಲಗ್ನದ ಫೋಟೋದಾಗೂ ಹಸರು ಉಗುರು. ಎಷ್ಟು ತಿಕ್ಕಿದ್ರೂ ಹೋಗಲಿಲ್ಲಂತ ನೀ ಅತ್ತಿದ್ದಿ, ಮದುಮಗ ಆಗಿ." ಹಿಂದೆ ಯಾರೋ ನಕ್ಕರು, ನಗುತ್ತಲೇ ಮೂಗು ಸೀಟಿದರು. "ಆಸ್ಪತ್ರಿಯವರು ನಿನ್ನ ಮುಖಾ ತೋರಸಲಿಲ್ಲ. ಒಂದು ಬೆರಳು ತೋರಿಸಿದ್ರೂ ಸಾಕಿತ್ತು, ಗುರುತು ಹಿಡಿತಿದ್ದೆ. ನಿಂಗ ಮಾತಾಡಬೇಕಾದದ್ದು ಅವತ್ತ ಇತ್ತು. ನಾಲ್ಕು ಮಂದಿ ಕೂಡಾಕ ಬಿಡಲಿಲ್ಲ ದೋಸ್ತ."

ಕಾಗೆಗಳು ಅಲ್ಲೇ ಕೂತಿದ್ದವು.

ಅವನಿಗೆ ಅರ್ಥವಾಯಿತು. ಇದಲ್ಲ ಅನಿಲ ಕೇಳುತ್ತಿರುವ ಮಾತು. ಕೇಳುತ್ತಿರುವುದು ಬೇರೆ. ಅದನ್ನು ಹೇಳದೆ ಈ ಕಟ್ಟೆಯ ಮುಂದಿನಿಂದ ಸರಿದರೆ ಸತ್ತವನಿಗೂ ಸುಳ್ಳು, ಇದ್ದವಳಿಗೂ ಸುಳ್ಳು. ಹೇಳಿದರೆ ಇಡೀ ಚಾಳು ಕೇಳುತ್ತದೆ.

"ಇನ್ನೊಂದು ಮಾತೈತಿ ಅನ್ಯಾ. ಮೈಕ್ ಮುಂದ ನನಗ ಮಾತು ಬರ್ತಾವ, ಇದಕ್ಕ ಬರಂಗಿಲ್ಲ. ಶಿವಕುಮಾರಿ..."

ಅವಳ ಹೆಸರನ್ನು ಬರಿದಾಗಿ, ಹಿಂದೆ ಮುಂದೆ ಏನೂ ಇಲ್ಲದೆ ಅವನು ಆಡಿದ್ದು ಅದೇ ಮೊದಲು. ಆಡಿ, ಉಸಿರು ತೆಗೆದುಕೊಂಡ.

"ಶಿವಕುಮಾರಿ ನಾಳೆ ಹೋಗ್ತಾಳಂತ. ಅಕಿ ಹೋದ್ರ ಈ ಬೈಕುಲ್ಲಾದಾಗ ನನಗ ಏನೂ ಉಳಿಯಂಗಿಲ್ಲ. ನಿನ್ನ ಜಾಗಾ ಕೇಳಾಕತ್ತಿಲ್ಲ ನಾನು. ಅದು ನಿಂದ. ಅಕಿ ಪಕ್ಕದಾಗ ಒಂದೀಟು ಕುಂದ್ರೂ ಅಷ್ಟು ಜಾಗಾ ಕೇಳಾಕತ್ತೀನಿ. ನಿನಗ ಬ್ಯಾಡನಿಸಿದ್ರ ಬರಬ್ಯಾಡ, ನಾ ಇನ್ನ ಈ ಮೆಟ್ಟಲಾ ಹತ್ತಂಗಿಲ್ಲ. ಆಗಬಹುದು ಅನಿಸಿದ್ರ... ಬಂದು ಉಣ್ಣಪಾ."

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ಎಲ್ಲರೂ ಕಾಗೆಗಳನ್ನು ನೋಡಿದರು, ಕಾಗೆಗಳು ಎಲ್ಲರನ್ನೂ ನೋಡಿದವು. ಒಂದು ರೆಕ್ಕೆ ಬಿಚ್ಚಿತು. ಕಾಶಿನಾಥನ ಎದೆ ಅದರ ಜೊತೆಗೇ ಎದ್ದಿತು. ಅದು ರೆಕ್ಕೆ ಕೊಡವಿ ಮತ್ತೆ ಮಡಚಿಕೊಂಡಿತು.

ಮುಂಬೈಯಲ್ಲಿ ಕಾಗೆಗೇನು ಬರ? ಮೀನು ಮಾರ್ಕೆಟ್ಟಿನಲ್ಲಿ ಕೈಯೊಳಗಿನದನ್ನೇ ಕಿತ್ತೊಯ್ಯುವ ಜಾತಿ ಅದು. ಅದೂ ಬೇಡ ಅಂತು.

ಕಾಶಿನಾಥ ಎಲೆಗೆ ಕೈ ಮುಗಿದ. ತಿರುಗಿ, ಯಾರ ಮುಖವನ್ನೂ ನೋಡದೆ ಮೆಟ್ಟಿಲ ಕಡೆ ನಡೆದ. ಜನ ದಾರಿ ಬಿಟ್ಟರು. ಹೆಣಕ್ಕೆ ದಾರಿ ಬಿಟ್ಟ ಹಾಗೆ ಅನ್ನಿಸಿತು ಅವನಿಗೆ.

"ನಿಲ್ರಿ."

ಶಿವಕುಮಾರಿಯ ದನಿ. ನಾಲ್ಕು ಜನರ ನಡುವೆ ಎತ್ತಿದ್ದನ್ನು ಯಾರೂ ಕೇಳಿರದ ದನಿ.

"ಅವರು ಸಿಟ್ಟಾಗಿಲ್ಲ," ಅಂದಳು. ಅವಳ ಮುಖ ಕೆಂಪಾಗಿತ್ತು, ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. "ಕಾಗಿ ಬರದ ಇರಾಕ ನಾನ ಕಾರಣ."

ಅವಳು ಟಾಕಿಯ ಪಕ್ಕಕ್ಕೆ ಹೋಗಿ ತಂತಿಗೆ ಕೈ ಚಾಚಿದಳು. ಆಗ ಎಲ್ಲರ ಕಣ್ಣೂ ಒಟ್ಟಿಗೇ ಅಲ್ಲಿಗೆ ಹೋಯಿತು. ಎಡೆಯಿಂದ ಒಂದು ಮಾರು ದೂರದಲ್ಲಿ, ತಲೆಕೆಳಗಾಗಿ, ಗಾಳಿಗೆ ಮೆಲ್ಲಗೆ ತಿರುಗುತ್ತ ತೂಗುತ್ತಿತ್ತು ಕರೀ ಪುಕ್ಕದ ಹೆಣ.

"ಯಾ ಅಲ್ಲಾ!" ಅಂದಳು ಜೈತುನಬಿ.

ಶಿವಕುಮಾರಿ ಕಾಗೆಗೆ ಕೈ ಇಟ್ಟುಕೊಂಡೇ ಮಾತಾಡಿದಳು. ಆಕಾಶ ನೋಡಲಿಲ್ಲ, ಫ್ಯಾನ್ ನೋಡಲಿಲ್ಲ. ಒಂದೇ ಮುಖ ಆರಿಸಿಕೊಂಡಿದ್ದಳು, ಮೆಟ್ಟಿಲ ಬಾಯಲ್ಲಿ ನಿಂತವನದು.

"ಮುಂಜಾನೆ ಇದನ್ನ ತಗೀಬೇಕಂತ ಕೈ ಹಾಕಿದ್ದೆ. ಇದಿದ್ರ ಕಾಗಿ ಬರಂಗಿಲ್ಲಂತ ನನಗ ಗೊತ್ತಿಲ್ಲೇನು? ಎಡಿ ಅವರದು, ಅದರಾಗ ಎರಡು ಮಾತಿಲ್ಲ. ಆದ್ರ ಇದು ನೀವು ಕೊಟ್ಟದ್ದು. ನಾಳೆ ಹೋಗೂದೈತಿ, ಒಂದಿನ ಇರವಲ್ಲದ್ಯಾಕ ಅನಿಸ್ತು. ಅತ್ತಿ ಅಳಾಕತ್ತಿದ್ರೂ ಬಾಯಿ ಬಿಡಲಿಲ್ಲ. ತಪ್ಪಾತು. ಏನ ಮಾಡ್ಲಿ, ತಗಿಯಾಕ ಕೈ ಬರಲಿಲ್ಲ ನನಗ."

ಅಷ್ಟು ಹೇಳಿ ಗಂಡನ ಎಲೆಯ ಕಡೆ ತಿರುಗಿ ತಲೆ ಬಾಗಿಸಿದಳು. ಅವನಿಗೆ ಏನೋ ಅಂದಳು, ತುಟಿಯಲ್ಲೇ. ಅದು ಅವರಿಬ್ಬರ ಮಾತು, ಯಾರಿಗೂ ಕೇಳಲಿಲ್ಲ. ಆಮೇಲೆ ದಾರದ ಗಂಟು ಬಿಚ್ಚಿ ಕಾಗೆಯನ್ನು ಇಳಿಸಿ ಸೆರಗಿನೊಳಗೆ ಮುಚ್ಚಿಕೊಂಡಳು.

ಜನರ ಕಣ್ಣೆಲ್ಲ ಈಗ ರುಕ್ಮಿಣಿಬಾಯಿಯ ಮೇಲೆ. ಮುದುಕಿ ಸೊಸೆಯನ್ನು ನೋಡಿದಳು, ಸೆರಗೊಳಗಿನ ಉಬ್ಬನ್ನು ನೋಡಿದಳು.

"ಮಳಿ ಬಂದ್ರ ನನಗಿಂತ ಮೊದಲ ಆ ಕಾಗಿನ ಒಳಗ ಬರ್ತಿತ್ತು," ಅಂದಳು. "ಆವಾಗ ಕೇಳಬೇಕಂದೆ. ಯಾವ ಬಾಯಿಲೆ ಕೇಳ್ಲಿ? ನಾನೂ ಅವನ ತಾಯಿ ಅಲ್ಲೇನು." ಕಣ್ಣೊರೆಸಿಕೊಂಡು, ಎಲೆಯ ಕಡೆಗೆ ಗದರಿದಳು: "ಇನ್ನ ಬಾರೋ ಅನಿಲಾ. ಎಷ್ಟೊತ್ತು ಕಾಯಸ್ತೀ ಎಲ್ಲಾರನ್ನ?"

ಎದುರಿನ ಅಂಚಿನಿಂದ ಮೊದಲು ಒಂದು, ಅದರ ಹಿಂದೆ ಇಡೀ ಸಾಲು. ರೆಕ್ಕೆಗಳ ಗಾಳಿಗೆ ಎಲೆ ಎದ್ದಿತು. ಹೋಳಿಗೆಯನ್ನು ಬಿಟ್ಟು, ಎಣಗಾಯಿಯನ್ನು ಬಿಟ್ಟು, ಮೊದಲ ಕಾಗೆ ವಡಾಪಾವನ್ನೇ ಕಚ್ಚಿಕೊಂಡು ಹೋಯಿತು.

"ಬಂತು ನೋಡ್ರಿ ರಸೀದಿ!" ಅಂದಳು ಜೈತುನಬಿ. ಈ ಸಲ ಗಚ್ಚಿಯೇ ನಕ್ಕಿತು.

ಖಂಡಪ್ಪ ಮುಂದೆ ಬಂದು, "ಈ ಸಂದರ್ಭದಾಗ ನಾಲ್ಕು ಮಾತು..." ಅಂತ ಶುರು ಮಾಡಿದ. "ನೀ ಸುಮ್ಮನ ಊಟಕ್ಕ ನಡಿ," ಅಂದಳು ರುಕ್ಮಿಣಿಬಾಯಿ.

ಜನ ಇಳಿದರು. ಕಾಶಿನಾಥ ಮೆಟ್ಟಿಲ ಬಾಯಲ್ಲಿ ಕಂಬವಾಗಿ ನಿಂತೇ ಇದ್ದ. ಶಿವಕುಮಾರಿ ಹತ್ತಿರ ಬಂದಳು. ಇಷ್ಟು ಹತ್ತಿರ ಅವಳು ಯಾವತ್ತೂ ನಿಂತಿರಲಿಲ್ಲ. ಅವಳ ಕೈಯಲ್ಲಿ ಹೋಳಿಗೆಯ ಯಾಲಕ್ಕಿ ವಾಸನೆ ಇತ್ತು.

"ಅಣ್ಣಗ ಫೋನ್ ಹಚ್ಚಬೇಕು," ಅಂದಳು. "ಬರಲಿ, ಎಡಿ ಉಂಡು ಹೋಗಲಿ. ವಿಂಡೋ ಸೀಟ್‌ದಾಗ ಅವನ ಕುಂದರ್ಲಿ."

ಸೆರಗಿನಿಂದ ಕಾಗೆ ತೆಗೆದು, ಮುರಿದಿದ್ದ ಒಂದು ಪುಕ್ಕ ನೀವಿ, ಅವನ ಎರಡೂ ಕೈಯಲ್ಲಿಟ್ಟಳು.

"ಇದನ್ನ ಹುಷಾರಿಂದ ಇಡ್ರಿ. ನಾಳೆ ಸಂಡಗಿ ಹಾಕೂದೈತಿ."